ಬೇಡ ಅನ್ನಲು ಜಾಗ ಬಿಟ್ಟು ಕೊಡಿ: ಹದಿಹರೆಯದ ಓದುಗರಿಗೆ ಕಾದಂಬರಿ ಸೂಚಿಸುವ ಬಗೆ

ಲೈಬ್ರರಿಯ ಕೌಂಟರಿನ ಮುಂದೆ 14 ವರ್ಷದ ಹುಡುಗಿಯೊಬ್ಬಳು ನಿಂತು "ಏನಾದ್ರೂ ಚೆನ್ನಾಗಿರೋದು ಕೊಡಿ ಮೇಡಂ" ಅನ್ನುತ್ತಾಳೆ. ಆ ವಯಸ್ಸಿನಲ್ಲಿ ಪರಿಚಯವಿಲ್ಲದ ದೊಡ್ಡವರ ಬಳಿ ಹೀಗೆ ಕೇಳುವುದೇ ಒಂದು ಸಾಹಸ. ಕೊಟ್ಟದ್ದನ್ನು ಮುಖದ ಮುಂದೆಯೇ ಬೇಡ ಅನ್ನುವುದು ಅದಕ್ಕಿಂತ ದೊಡ್ಡ ಸಾಹಸ. ಹಾಗಾಗಿ ಬಹಳಷ್ಟು ಮಕ್ಕಳು ಸಂಕೋಚಕ್ಕೆ ಪುಸ್ತಕ ಈಸಿಕೊಳ್ಳುತ್ತಾರೆ, ಎರಡು ವಾರ ಬ್ಯಾಗಿನಲ್ಲಿ ಹೊತ್ತು ತಿರುಗುತ್ತಾರೆ, ಓದದೆ ವಾಪಸು ಹಾಕಿ ಹೋಗುತ್ತಾರೆ. ಆಮೇಲೆ ಕೇಳಲು ಬರುವುದಿಲ್ಲ. ಪುಸ್ತಕ ಸೂಚಿಸುವ ಕೆಲಸ ಹೆಚ್ಚಾಗಿ ಕೆಡುವುದು ಇಲ್ಲೇ. ಆಯ್ಕೆ ತಪ್ಪಿದರೆ ಇನ್ನೊಂದು ಪುಸ್ತಕ ಕೊಡಬಹುದು. ಬೇಡ ಅನ್ನಲು ಜಾಗವೇ ಇಲ್ಲದಂತೆ ಕೊಟ್ಟರೆ ಓದಲು ಬಂದವಳೇ ಕೈತಪ್ಪುತ್ತಾಳೆ. ಮುಂದಿನ ಕ್ರಮಗಳೆಲ್ಲ ಆ ಜಾಗವನ್ನು ಉಳಿಸಿಕೊಂಡೇ ಸರಿಯಾದ ಪುಸ್ತಕದ ಹತ್ತಿರ ಹೋಗುವ ದಾರಿಗಳು.

ಯಾವ ವಯಸ್ಸಿಗೆ ಯಾವುದು

ಪ್ರಕಾಶಕರು ಯಂಗ್ ಅಡಲ್ಟ್ ಅಥವಾ ವೈಎ ಎಂದು ಕರೆಯುವುದು ಸುಮಾರು 12ರಿಂದ 18 ವಯಸ್ಸಿನವರಿಗೆಂದು ಬರೆದ ಪುಸ್ತಕಗಳನ್ನು. ಮುಖ್ಯ ಪಾತ್ರಕ್ಕೂ ಸಾಮಾನ್ಯವಾಗಿ 14ರಿಂದ 18ರ ವಯಸ್ಸು. ಕಥೆ ಆ ಪಾತ್ರದ ಕಣ್ಣಿನಿಂದಲೇ, ಬಹಳ ಸಲ "ನಾನು" ಎಂದೇ, ಈಗಷ್ಟೇ ನಡೆಯುತ್ತಿರುವಂತೆ ಸಾಗುತ್ತದೆ. ದೊಡ್ಡವರೊಬ್ಬರು ತಮ್ಮ ಬಾಲ್ಯವನ್ನು ನೆನೆದು ಬರೆದ ಕಾದಂಬರಿಯಲ್ಲಿ ನಾಯಕನಿಗೆ 15 ವರ್ಷವೇ ಇರಬಹುದು, ಆದರೂ ಅದು ಬೇರೆ ಬಗೆಯ ಪುಸ್ತಕ. ಅಲ್ಲಿ ನೆನಪಿನ ದೂರ ಇರುತ್ತದೆ, "ಆಗ ನನಗೆ ತಿಳಿದಿರಲಿಲ್ಲ" ಎಂಬ ದನಿ ಇರುತ್ತದೆ. ಹದಿಹರೆಯದವರಿಗೆ ಆ ದನಿ ಮೂರನೇ ಪುಟದಲ್ಲೇ ಕೇಳಿಸಿಬಿಡುತ್ತದೆ.

12ರ ಹುಡುಗನನ್ನೂ 17ರ ಹುಡುಗನನ್ನೂ ಒಂದೇ ಕಪಾಟಿನ ಮುಂದೆ ನಿಲ್ಲಿಸಿ ಕೈತೊಳೆದುಕೊಳ್ಳುವಂತಿಲ್ಲ. 12–13ರಲ್ಲಿ ಗುಂಪಿಗೆ ಸೇರುವುದು, ಗುಂಪಿನಿಂದ ಹೊರಬೀಳುವುದು, ಹೊಸ ಶಾಲೆ, ಮೊದಲ ಸಲ ಒಂಟಿಯಾಗಿ ಎಲ್ಲಿಗೋ ಹೋಗುವುದು ದೊಡ್ಡ ಸಂಗತಿಗಳು. 17ಕ್ಕೆ ಬರುವಷ್ಟರಲ್ಲಿ ಪ್ರೀತಿ, ದೇಹ, ಮನೆ ಬಿಡುವುದು, ಅಪ್ಪ ಅಮ್ಮನ ನಂಬಿಕೆಗಳಲ್ಲಿ ಯಾವುದು ತನ್ನದು ಯಾವುದು ಅಲ್ಲ ಎಂಬ ಲೆಕ್ಕ ಮುಂದೆ ಬಂದಿರುತ್ತವೆ. ಈ ವಯಸ್ಸಿನವರು ತಮಗಿಂತ ಒಂದೆರಡು ವರ್ಷ ದೊಡ್ಡ ಪಾತ್ರಗಳ ಬಗ್ಗೆ ಓದಲು ಇಷ್ಟಪಡುತ್ತಾರೆ. 13ರವಳು 15ರ ನಾಯಕಿಯನ್ನು ಖುಷಿಯಿಂದ ಒಪ್ಪಿಕೊಳ್ಳುತ್ತಾಳೆ. ಆದರೆ 16ರವನಿಗೆ 13ರ ನಾಯಕನಿರುವ ಪುಸ್ತಕ ಕೊಟ್ಟರೆ, ಎಷ್ಟೇ ಚೆನ್ನಾಗಿರಲಿ, "ಇದು ಚಿಕ್ಕ ಮಕ್ಕಳದ್ದು" ಎಂದು ಬದಿಗಿಡುತ್ತಾನೆ. ಪುಸ್ತಕ ಕೈಗೆತ್ತಿಕೊಂಡಾಗ ಮೊದಲು ನೋಡಬೇಕಾದದ್ದು ಪಾತ್ರದ ವಯಸ್ಸು. ಬೆನ್ನುಡಿಯಲ್ಲಿ ಇಲ್ಲದಿದ್ದರೆ ಮೊದಲ ಅಧ್ಯಾಯದಲ್ಲಿ ಸಿಗುತ್ತದೆ.

ಮುಖಪುಟ ನೋಡಿ ವಯಸ್ಸು ತೀರ್ಮಾನಿಸುವುದು ಈಗ ಅಪಾಯ. ದೊಡ್ಡವರಿಗೆಂದೇ ಬರೆದ, ಲೈಂಗಿಕ ದೃಶ್ಯಗಳನ್ನು ಬಿಡಿಸಿ ವಿವರಿಸುವ ಎಷ್ಟೋ ಪ್ರೇಮಕಾದಂಬರಿಗಳು ಕಾರ್ಟೂನಿನಂಥ ಬಣ್ಣದ ಮುಖಪುಟ ಹೊತ್ತು ಬರುತ್ತವೆ. ನೋಡಲು ವೈಎ ಪುಸ್ತಕದ ಹಾಗೆಯೇ ಇರುತ್ತವೆ. ಒಳಪುಟದಲ್ಲಿ ಪ್ರಕಾಶಕರ ಯಾವ ವಿಭಾಗದಿಂದ ಬಂದಿದೆ, ಯಾವ ವರ್ಗಕ್ಕೆ ಸೇರಿಸಿದ್ದಾರೆ ಎಂದು ಓದಿ. ಪಾತ್ರಗಳು ಕಾಲೇಜು ಮುಗಿಸಿ ಕೆಲಸದಲ್ಲಿದ್ದರೆ ಇನ್ನೊಂದು ಸಲ ಪರೀಕ್ಷಿಸಿ.

ಕೇಳುವುದು: ಎರಡು ಮೂರು ನಿಮಿಷದ ಮಾತು

"ಯಾವ ಥರದ ಪುಸ್ತಕ ಇಷ್ಟ?" ಎಂಬ ಪ್ರಶ್ನೆಯಿಂದ ಶುರು ಮಾಡಬೇಡಿ. ತನ್ನ ಇಷ್ಟವನ್ನು ವಿಂಗಡಿಸಿ ಹೆಸರಿಡುವ ಕೆಲಸವನ್ನು ಓದುವವಳ ತಲೆಗೆ ಕಟ್ಟಿದಂತಾಗುತ್ತದೆ, ಹತ್ತರಲ್ಲಿ ಎಂಟು ಜನ "ಯಾವುದಾದ್ರೂ ಪರವಾಗಿಲ್ಲ" ಎಂದು ತಪ್ಪಿಸಿಕೊಳ್ಳುತ್ತಾರೆ. ಕೌಂಟರಿನ ಹಿಂದೆ ಕೂತು ಕೇಳಿದರೂ ಇದೇ ಉತ್ತರ. ಎದ್ದು ಹೊರಗೆ ಬನ್ನಿ, ಕಪಾಟಿನ ಹತ್ತಿರ ಕರೆದುಕೊಂಡು ಹೋಗಿ, ಪಕ್ಕದಲ್ಲಿ ನಿಲ್ಲಿ. ಇಬ್ಬರ ಕಣ್ಣೂ ಪುಸ್ತಕಗಳ ಮೇಲಿರಲಿ. ಎದುರುಬದುರು ನಿಂತಾಗ ಬಾರದ ಮಾತು ಅಕ್ಕಪಕ್ಕ ನಿಂತಾಗ ತಾನಾಗಿ ಬರುತ್ತದೆ. ದನಿ ಪಕ್ಕದ ಮೇಜಿಗೆ ಕೇಳಿಸಬಾರದು. ತಾನು ಏನು ಓದುತ್ತೇನೆ ಎಂಬುದು ಈ ವಯಸ್ಸಿನಲ್ಲಿ ತುಂಬ ಖಾಸಗಿ ವಿಷಯ.

ಮಾತು ಹೀಗೆ ಸಾಗಬಹುದು:

"ಇತ್ತೀಚೆಗೆ ಕೆಳಗಿಡೋಕೇ ಮನಸ್ಸು ಬರಲಿಲ್ಲ ಅನ್ನೋ ಥರದ್ದು ಏನಾದರೂ ಓದಿದ್ದೀಯಾ? ಸಿನಿಮಾ, ಸೀರೀಸ್, ಗೇಮ್ ಆದರೂ ಸರಿ."

"ಓದಿಲ್ಲ ಮೇಡಂ. ಒಂದು ಸೀರೀಸ್ ನೋಡಿದೆ. ಹಾಸ್ಟೆಲಲ್ಲಿ ಒಬ್ಬಳು ಕಾಣೆಯಾಗ್ತಾಳೆ, ಅವಳ ರೂಮಿನವರೇ ಹುಡುಕ್ತಾ ಹೋಗ್ತಾರೆ."

"ಅದರಲ್ಲಿ ನಿನಗೆ ಯಾವುದು ಹಿಡಿಸ್ತು? ಯಾರು ಮಾಡಿದ್ದು ಅಂತ ಕಂಡುಹಿಡಿಯೋದಾ, ಆ ಹುಡುಗಿಯರ ಸ್ನೇಹಾನಾ, ಇಲ್ಲಾ ಭಯ ಆಗ್ತಿತ್ತಲ್ಲ, ಅದಾ?"

"ಅವರು ಜಗಳ ಆಡ್ತಾರಲ್ಲ... ಅಷ್ಟು ಜಗಳ ಆಡಿದ್ರೂ ಒಬ್ಬರನ್ನೊಬ್ಬರು ಬಿಟ್ಟುಹೋಗಲ್ಲ. ಅದು."

"ಸರಿ. ಯಾವುದು ಬೇಡವೇ ಬೇಡ?"

"ನಾಯಿ ಸಾಯೋದು ಬೇಡ."

ಮೊದಲ ಉತ್ತರಕ್ಕೇ ನಿಲ್ಲಿಸಿದ್ದರೆ ನಮ್ಮ ಕೈ ನೇರವಾಗಿ ಪತ್ತೇದಾರಿ ಕಾದಂಬರಿಗಳ ಸಾಲಿಗೆ ಹೋಗುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಪತ್ತೇದಾರಿಕೆಯಲ್ಲ, ಜಗಳವಾಡಿಯೂ ಒಡೆಯದ ಗುಂಪು. ಅದು ಹೊರಬಂದದ್ದು ಎರಡನೇ ಪ್ರಶ್ನೆಯಲ್ಲಿ. ಆ ಪ್ರಶ್ನೆ ಕೇಳಿದ ರೀತಿಯನ್ನೂ ಗಮನಿಸಿ. "ಯಾಕೆ ಇಷ್ಟ ಆಯ್ತು?" ಎಂದರೆ ಪರೀಕ್ಷೆಯ ಪ್ರಶ್ನೆಯಂತೆ ಕೇಳಿಸುತ್ತದೆ, ಮೂರು ಉತ್ತರ ಮುಂದಿಟ್ಟರೆ ಒಂದನ್ನು ಆರಿಸಿಕೊಳ್ಳುವುದು ಸುಲಭ, ಮೂರೂ ಅಲ್ಲದಿದ್ದರೆ ನಾಲ್ಕನೆಯದು ತಾನೇ ಬಾಯಿಗೆ ಬರುತ್ತದೆ. "ಯಾವುದು ಬೇಡವೇ ಬೇಡ" ಎಂಬ ಪ್ರಶ್ನೆಯನ್ನಂತೂ ಎಂದೂ ಬಿಡಬಾರದು. ಇಷ್ಟಗಳನ್ನು ಹೇಳಲು ತಡವರಿಸುವವರೂ ಬೇಡದ್ದನ್ನು ಥಟ್ಟನೆ ಹೇಳುತ್ತಾರೆ. ಜೊತೆಗೆ, ಈ ಲೈಬ್ರರಿಯಲ್ಲಿ ಬೇಡ ಅನ್ನಬಹುದು ಎಂಬುದೂ ಮೊದಲ ನಿಮಿಷದಲ್ಲೇ ತಿಳಿದಂತಾಗುತ್ತದೆ.

ಮೂರು ನಿಮಿಷ ದಾಟಿದರೆ ಅದು ಇಂಟರ್‌ವ್ಯೂ ಆಗಿಬಿಡುತ್ತದೆ. ಉತ್ತರ ಅರೆಬರೆಯಾದರೂ ನಿಲ್ಲಿಸಿ, ಪುಸ್ತಕ ತೋರಿಸಲು ಶುರು ಮಾಡಿ. ಪುಸ್ತಕ ಕೈಗೆ ಬಂದ ಮೇಲೆ "ಇಂಥದ್ದಲ್ಲ" ಎಂದು ಹೇಳುವುದರಲ್ಲೇ ಉಳಿದ ಉತ್ತರ ಸಿಗುತ್ತದೆ.

ವಿಷಯವಲ್ಲ, ಎಳೆ

ಅಮೆರಿಕದ ಲೈಬ್ರೇರಿಯನ್ ನ್ಯಾನ್ಸಿ ಪರ್ಲ್ ಪುಸ್ತಕಕ್ಕೆ ನಾಲ್ಕು ಬಾಗಿಲುಗಳಿವೆ ಅನ್ನುತ್ತಾರೆ: ಕಥೆ, ಪಾತ್ರ, ಪರಿಸರ, ಭಾಷೆ. ಪ್ರತಿ ಪುಸ್ತಕದಲ್ಲೂ ಇವುಗಳಲ್ಲಿ ಒಂದು ಬಾಗಿಲು ಉಳಿದವಕ್ಕಿಂತ ದೊಡ್ಡದಾಗಿರುತ್ತದೆ, ಪ್ರತಿ ಓದುಗನಿಗೂ ತನಗೆ ಸಲೀಸಾದ ಒಂದು ಬಾಗಿಲು ಇರುತ್ತದೆ. ಹದಿಹರೆಯದವರ ವಿಷಯದಲ್ಲಿ ಇನ್ನೆರಡನ್ನು ಸೇರಿಸಿಕೊಂಡರೆ ಕೆಲಸ ಹಗುರವಾಗುತ್ತದೆ: ಓಟ ಮತ್ತು ಭಾವ. ಕಥೆ ಎಷ್ಟು ಬೇಗ ಓಡುತ್ತದೆ, ಓದುವಾಗ ಮನಸ್ಸು ಯಾವ ಬಣ್ಣದಲ್ಲಿರುತ್ತದೆ ಎಂಬುದು.

ಮಾಂತ್ರಿಕರ ಶಾಲೆಯ ಕಥೆಯೊಂದನ್ನು ಮೂರು ಸಲ ಓದಿದ ಹುಡುಗನಿದ್ದಾನೆ ಎಂದುಕೊಳ್ಳಿ. ಅವನಿಗೆ ಹಿಡಿಸಿದ್ದು ಮಾಯಾಲೋಕದ ನಿಯಮಗಳಾದರೆ, ಅಂದರೆ ಯಾವ ಮಂತ್ರಕ್ಕೆ ಯಾವ ಬೆಲೆ ತೆರಬೇಕು ಎಂಬ ಲೆಕ್ಕಾಚಾರವಾದರೆ, ಅವನಿಗೆ ಗಟ್ಟಿ ನಿಯಮಗಳಿರುವ ಫ್ಯಾಂಟಸಿಯೋ ವೈಜ್ಞಾನಿಕ ಕಾದಂಬರಿಯೋ ಒಪ್ಪುತ್ತದೆ. ಹಿಡಿಸಿದ್ದು ಒಂದೇ ಸೂರಿನಡಿ ಉಣ್ಣುತ್ತ, ಓದುತ್ತ, ಕದ್ದು ತಿರುಗುತ್ತ ಬೆಳೆಯುವ ಗೆಳೆಯರಾದರೆ, ಮಾಯೆಯ ಸುಳಿವೇ ಇಲ್ಲದ ವಸತಿಶಾಲೆಯ ಕಾದಂಬರಿ ಅವನಿಗೆ ಹೆಚ್ಚು ಹತ್ತಿರ. ವಿಷಯ ನೋಡಿ ಕೊಟ್ಟವರು ಇನ್ನೊಂದು ಮಾಂತ್ರಿಕರ ಶಾಲೆಯನ್ನೇ ಕೊಡುತ್ತಾರೆ, ಅದು ಮೊದಲನೆಯದರ ನಕಲಿನಂತೆ ಕಂಡು ಹುಡುಗ ಇಪ್ಪತ್ತನೇ ಪುಟಕ್ಕೆ ಬಿಡುತ್ತಾನೆ. ಅಂತರ್ಜಾಲದ "ಇದು ಓದಿದವರು ಇದನ್ನೂ ಓದಿದರು" ಪಟ್ಟಿಗಳಿಗೂ ಇದೇ ಕೊರತೆ. ಜನಪ್ರಿಯವಾದ ಹತ್ತಾರು ಪುಸ್ತಕಗಳನ್ನೇ ಸುತ್ತಿ ಸುತ್ತಿ ತೋರಿಸುತ್ತವೆ. ಎಐ ಚಾಟ್‌ಗಳನ್ನು ಕೇಳುವವರು ಇನ್ನೂ ಒಂದು ಹೆಜ್ಜೆ ಎಚ್ಚರವಾಗಿರಬೇಕು. ಅವು ಕೆಲವೊಮ್ಮೆ ಇಲ್ಲದ ಪುಸ್ತಕವನ್ನು ಇರುವ ಲೇಖಕರ ಹೆಸರಿನಲ್ಲಿ ಹೇಳಿಬಿಡುತ್ತವೆ. ಕ್ಯಾಟಲಾಗಿನಲ್ಲಿ ನೋಡದೆ ಮಗುವಿನ ಮುಂದೆ ಆ ಹೆಸರು ಎತ್ತಬೇಡಿ.

ಓಟವನ್ನು ಓದದೆಯೇ ಅಳೆಯಬಹುದು. ಅಧ್ಯಾಯಗಳು 4–6 ಪುಟದವೋ 25 ಪುಟದವೋ ನೋಡಿ. ಪುಸ್ತಕದ ಮಧ್ಯೆ ಎಲ್ಲಾದರೂ ತೆರೆದು ಎದುರುಬದುರಿನ ಎರಡು ಪುಟಗಳಲ್ಲಿ ಸಂಭಾಷಣೆ ಎಷ್ಟಿದೆ, ಅರ್ಧ ಪುಟ ತುಂಬಿದ ಪ್ಯಾರಾಗಳು ಎಷ್ಟಿವೆ ಎಂದು ಕಣ್ಣಾಡಿಸಿ. ಮೊದಲ ದೊಡ್ಡ ಘಟನೆ ಎಷ್ಟನೇ ಪುಟದಲ್ಲಿ ಆಗುತ್ತದೆ ಎಂದು ಹುಡುಕಿ. ಹತ್ತನೇ ಪುಟದೊಳಗೆ ಆದರೆ ವೇಗದ ಪುಸ್ತಕ. ನಲವತ್ತು ದಾಟಿದರೆ ತಾಳ್ಮೆ ಇರುವವರಿಗೆ ಮಾತ್ರ.

ಮೂರು ಪುಸ್ತಕ, ಒಂದು ಮೇಜು

ಒಂದೇ ಪುಸ್ತಕ ಕೊಟ್ಟರೆ ಅದು ಆಜ್ಞೆಯಂತೆ ಕಾಣುತ್ತದೆ. ಏಳೆಂಟು ಪೇರಿಸಿದರೆ ಕಣ್ಣು ಕತ್ತಲೆ ಬಂದು ಯಾವುದನ್ನೂ ಎತ್ತಿಕೊಳ್ಳುವುದಿಲ್ಲ. ಮೂರು ಸರಿಯಾದ ಅಳತೆ, ಹೆಚ್ಚೆಂದರೆ ನಾಲ್ಕು.

ಮೊದಲನೆಯದು ಅವಳು ಹೇಳಿದ್ದಕ್ಕೆ ತೀರಾ ಹತ್ತಿರದ್ದು. ಎರಡನೆಯದು ಎಳೆ ಒಂದೇ, ಲೋಕ ಬೇರೆ: ಹಾಸ್ಟೆಲಿನ ಬದಲು ಆಟದ ತಂಡವೋ ನಾಟಕದ ಗುಂಪೋ ಇರಲಿ. ಮೂರನೆಯದು ರೂಪದಲ್ಲೇ ಬೇರೆಯಾದದ್ದು: ಚಿತ್ರಗಳಲ್ಲಿ ಕಥೆ ಹೇಳುವ ಗ್ರಾಫಿಕ್ ಕಾದಂಬರಿ, ಪದ್ಯದಲ್ಲಿ ಬರೆದ ಕಾದಂಬರಿ, ಪತ್ರಗಳಲ್ಲೋ ಮೆಸೇಜುಗಳಲ್ಲೋ ಸಾಗುವ ಕಥೆ. ಆಶ್ಚರ್ಯವೆಂದರೆ ಮೂರನೆಯದನ್ನು ಎತ್ತಿಕೊಳ್ಳುವವರು ಕಡಿಮೆಯೇನಿಲ್ಲ. ಮೂರರಲ್ಲೊಂದು ತೆಳ್ಳಗಿರಲಿ, 200 ಪುಟದೊಳಗಿನದು.

ಮೂರನ್ನೂ ಮೇಜಿನ ಮೇಲೆ ಮುಖಪುಟ ಕಾಣುವಂತೆ ಇಟ್ಟು, ಒಂದೊಂದಕ್ಕೆ ಮೂವತ್ತು ಸೆಕೆಂಡಿನ ಪರಿಚಯ ಹೇಳಿ, "ಮೊದಲ ಎರಡು ಪುಟ ಓದಿ ನೋಡು. ಆಮೇಲೆ ಮಧ್ಯದಲ್ಲಿ ಎಲ್ಲಾದರೂ ಒಂದು ಪುಟ. ಬೇಡ ಅನ್ನಿಸಿದ್ದನ್ನ ಮೇಜಿನ ಮೇಲೇ ಬಿಟ್ಟುಹೋಗು, ನಾನು ಎತ್ತಿಡ್ತೀನಿ" ಎಂದು ಹೇಳಿ ಅಲ್ಲಿಂದ ಹೊರಟುಬಿಡಿ. ನಿಜವಾಗಿಯೂ ಹೊರಟುಬಿಡಿ, ಹತ್ತು ಹೆಜ್ಜೆ ದೂರದಲ್ಲಿ ನಿಂತು ಓರೆಗಣ್ಣಿನಲ್ಲಿ ನೋಡುವುದೂ ಬೇಡ. ಬಿಟ್ಟುಹೋದ ಪುಸ್ತಕ ನಿಮಗೆ ಸುದ್ದಿ ಹೇಳುತ್ತದೆ, ಅವಳು ನಿಮಗೆ ಉತ್ತರ ಹೇಳಬೇಕಾಗಿಲ್ಲ.

ಪುಸ್ತಕದ ಪರಿಚಯಕ್ಕೆ ಬಂದರೆ, ಇದನ್ನು ಸ್ವಲ್ಪ ಅಭ್ಯಾಸ ಮಾಡಿಯೇ ಕಲಿಯಬೇಕು. ರಿಲೇ ಓಟದ ತಂಡದ ಬಗ್ಗೆ ಒಂದು ಕಾದಂಬರಿ ಇದೆ ಎಂದುಕೊಳ್ಳೋಣ. ಅದನ್ನು ಹೀಗೆ ಹೇಳಿದರೆ ಕೆಟ್ಟಿತು: "ಇದು ಸ್ನೇಹದ ಮಹತ್ವ ತಿಳಿಸುವ, ಕ್ರೀಡಾಮನೋಭಾವ ಬೆಳೆಸುವ ಒಳ್ಳೆಯ ಕಾದಂಬರಿ. ನೀನು ಓದಲೇಬೇಕು." ಪುಸ್ತಕದ ಮೇಲೆ ಔಷಧಿಯ ಚೀಟಿ ಅಂಟಿಸಿದ ಹಾಗಾಯಿತು. ಬದಲಿಗೆ:

"ನಾಲ್ಕು ಹುಡುಗಿಯರ ರಿಲೇ ತಂಡ. ಫೈನಲ್‌ಗೆ ಆರು ದಿನ ಇದೆ. ಮೂರನೆಯವಳು ಬ್ಯಾಟನ್ ಕೊಡಬೇಕಾಗಿರೋದು ತನ್ನ ಜೊತೆ ಒಂದು ತಿಂಗಳಿಂದ ಮಾತು ಬಿಟ್ಟಿರೋಳಿಗೆ. ಯಾಕೆ ಮಾತು ಬಿಟ್ಟಳು ಅಂತ ತಂಡದಲ್ಲಿ ಒಬ್ಬಳಿಗೆ ಮಾತ್ರ ಗೊತ್ತು, ಅವಳು ಬಾಯಿ ಬಿಡ್ತಿಲ್ಲ."

ಅಷ್ಟೇ. ಯಾರು, ಏನಾಗಿದೆ, ಯಾಕೆ ಈಗ, ಗೊತ್ತಿಲ್ಲದ್ದೇನು. ನಾಲ್ಕೈದು ವಾಕ್ಯಕ್ಕೆ ಬಾಯಿ ಮುಚ್ಚಿ. ಪುಸ್ತಕದ ಮೊದಲ ಕಾಲುಭಾಗದಾಚೆಗಿನದು ಏನೂ ಬರಬಾರದು. "ತುಂಬ ಚೆನ್ನಾಗಿದೆ", "ನನಗಂತೂ ಅಳು ಬಂತು" ಎಂಬ ಮಾತುಗಳನ್ನೂ ಬಿಡಿ. ನಿಮಗೆ ಅಷ್ಟು ಇಷ್ಟವಾಗಿದೆ ಎಂದು ತಿಳಿದ ಮೇಲೆ ಬೇಡ ಅನ್ನುವುದು ಅವಳಿಗೆ ಇನ್ನಷ್ಟು ಕಷ್ಟವಾಗುತ್ತದೆ. ಒಂದು ತರಗತಿಯ ಮುಂದೆ ನಿಂತು ಪರಿಚಯಿಸುವುದಾದರೆ 20 ನಿಮಿಷಕ್ಕೆ ಎಂಟು–ಹತ್ತು ಪುಸ್ತಕ ಸಾಕು. ಪ್ರತಿಯೊಂದರ ಪ್ರತಿಯೂ ಅಲ್ಲೇ ಕೈಗೆ ಸಿಗುವಂತಿರಬೇಕು. ಹೇಳಿದ ಪುಸ್ತಕ ಅಂದೇ ಸಿಗದಿದ್ದರೆ ಹತ್ತಿಸಿದ ಆಸೆ ಸಂಜೆಯೊಳಗೆ ಆರಿಹೋಗುತ್ತದೆ.

ಸರಣಿಯ ಪುಸ್ತಕವಾದರೆ ಕೊಡುವ ಮೊದಲೇ ಎರಡನೇ ಭಾಗ ಕಪಾಟಿನಲ್ಲಿದೆಯೇ ನೋಡಿ. ಮೊದಲ ಭಾಗ ಎರಡೇ ರಾತ್ರಿಯಲ್ಲಿ ಮುಗಿಸಿ ಓಡಿಬಂದವನಿಗೆ "ಎರಡನೆಯದು ಇಲ್ಲ, ಮೂರನೆಯದು ಇದೆ" ಅನ್ನುವುದಕ್ಕಿಂತ ದೊಡ್ಡ ನಿರಾಸೆ ಇನ್ನೊಂದಿಲ್ಲ. ಪುಸ್ತಕದ ಬೆನ್ನಿಗೆ ಭಾಗದ ಸಂಖ್ಯೆ ದೊಡ್ಡದಾಗಿ ಅಂಟಿಸಿ. ಎಷ್ಟೋ ಸರಣಿಗಳು ಅದನ್ನು ಮುಖಪುಟದಲ್ಲಿ ಹಾಕುವುದೇ ಇಲ್ಲ, ಮಕ್ಕಳು ಎರಡನೆಯದರಿಂದ ಶುರು ಮಾಡಿ ತಲೆಬುಡ ತಿಳಿಯದೆ ಬಿಡುತ್ತಾರೆ.

ಓದು ಕಷ್ಟವಾದವರು, ಓದು ಬಿಟ್ಟವರು

ಇಬ್ಬರೂ ಒಂದೇ ಅಲ್ಲ. ಓದಲು ಬರುತ್ತದೆ, ಮನಸ್ಸಿಲ್ಲ ಅನ್ನುವವನಿಗೆ ವೇಗದ, ತೆಳ್ಳಗಿನ, ಮೊದಲ ಪುಟದಲ್ಲೇ ಏನೋ ಆಗಿಬಿಡುವ ಕಥೆ ಬೇಕು. ಅಕ್ಷರ ಜೋಡಿಸಿ ಓದುವುದೇ ಕಷ್ಟವಾದವಳಿಗೆ ಬೇಕಾದದ್ದು ಬೇರೆ: ವಸ್ತು ಅವಳ ವಯಸ್ಸಿನದು, ಭಾಷೆ ಸುಲಭದ್ದು. ಇಂಥ ಪುಸ್ತಕಗಳನ್ನು ಹೈ–ಲೋ ಎಂದು ಕರೆಯುತ್ತಾರೆ. 15ರವಳಿಗೆ ಸುಲಭವಾಗಲಿ ಎಂದು 9ರ ಮಕ್ಕಳ ಪುಸ್ತಕ ಕೊಟ್ಟರೆ ಅವಮಾನವಾಗುತ್ತದೆ, ಅದು ಮುಖಪುಟದಲ್ಲೇ ಗೆಳತಿಯರಿಗೂ ಗೊತ್ತಾಗುತ್ತದೆ. ಹೈ–ಲೋ ಪುಸ್ತಕಗಳನ್ನು ಬೇರೆ ಕಪಾಟಿನಲ್ಲಿ ಬೋರ್ಡು ಹಾಕಿ ಇಡಬೇಡಿ. ಉಳಿದವುಗಳ ನಡುವೆಯೇ ಇಟ್ಟು, ನಿಮಗೆ ಮಾತ್ರ ತಿಳಿಯುವ ಚಿಕ್ಕ ಗುರುತು ಹಾಕಿಕೊಳ್ಳಿ.

ಪುಟದ ನೋಟವೂ ಮುಖ್ಯ. ದೊಡ್ಡಕ್ಷರ, ಸಾಲುಗಳ ನಡುವೆ ಜಾಗ, ಅಂಚಿನಲ್ಲಿ ಬಿಳುಪು, ಹಿಂದಿನ ಪುಟದ ಅಚ್ಚು ಕಾಣದಷ್ಟು ದಪ್ಪನೆಯ ಕಾಗದ. ಪದ್ಯ ಕಾದಂಬರಿಗಳು ಇಲ್ಲಿ ತುಂಬ ಕೆಲಸಕ್ಕೆ ಬರುತ್ತವೆ. ಸಾಲು ಚಿಕ್ಕದು, ಪುಟ ಬೇಗ ತಿರುಗುತ್ತದೆ, 300 ಪುಟದ ಪುಸ್ತಕ ಮುಗಿಸಿದೆ ಎಂಬ ಹೆಮ್ಮೆ ಎರಡು ಸಂಜೆಯಲ್ಲಿ ಸಿಗುತ್ತದೆ. ಪದ್ಯ ಎಂದು ಮೊದಲೇ ಹೇಳಿದರೆ ಹೆದರುತ್ತಾರೆ. ಪುಟ ತೆರೆದು ತೋರಿಸಿದರೆ ಸಾಕು. ಆಡಿಯೊಬುಕ್ ಕೇಳುತ್ತ ಅದೇ ಪುಸ್ತಕವನ್ನು ಕಣ್ಣಿನಲ್ಲಿ ಹಿಂಬಾಲಿಸುವುದು ಇನ್ನೊಂದು ಒಳ್ಳೆಯ ದಾರಿ. ಗ್ರಾಫಿಕ್ ಕಾದಂಬರಿ, ಮಾಂಗಾ ಅಂದರೆ ಜಪಾನಿನ ಕಾಮಿಕ್ಸ್ ಓದಿದ್ದನ್ನು ಓದಿನ ಲೆಕ್ಕಕ್ಕೆ ಸೇರಿಸದ ದೊಡ್ಡವರು ಬಹಳ ಜನ. ಅವರ ಮಾತನ್ನು ನೀವು ಮಕ್ಕಳ ಮುಂದೆ ಎತ್ತಿ ಆಡಬೇಡಿ.

ಬಹಳ ಓದುವ ಮಕ್ಕಳ ವಿಷಯದಲ್ಲಿ ತಪ್ಪು ಇನ್ನೊಂದು ಕಡೆಗೆ ಆಗುತ್ತದೆ. ಭಾಷೆ ಗಟ್ಟಿ ಇದೆ ಎಂದು 13ರವಳಿಗೆ ದೊಡ್ಡವರ ಮೇರುಕೃತಿಗಳನ್ನು ಒಂದರ ಮೇಲೊಂದು ಹೇರುತ್ತಾರೆ. ವಾಕ್ಯ ಅರ್ಥವಾಗುವುದಕ್ಕೂ, ನಲವತ್ತು ದಾಟಿದವರ ದಾಂಪತ್ಯದ ದಣಿವು ಅರ್ಥವಾಗುವುದಕ್ಕೂ ಸಂಬಂಧವಿಲ್ಲ. 16–17ಕ್ಕೆ ಬಂದು ದೊಡ್ಡವರ ಪುಸ್ತಕ ಕೇಳುವವರಿಗೆ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ನಿನ ಅಲೆಕ್ಸ್ ಪ್ರಶಸ್ತಿಯ ಪಟ್ಟಿ ನೋಡಬಹುದು: ದೊಡ್ಡವರಿಗೆಂದು ಬರೆದಿದ್ದರೂ 12–18ರವರನ್ನು ಹಿಡಿಯುವಂಥ ಹತ್ತು ಪುಸ್ತಕಗಳನ್ನು 1998ರಿಂದ ವರ್ಷವರ್ಷವೂ ಆರಿಸುತ್ತಾರೆ. ಅದೇ ಸಂಸ್ಥೆಯ ಪ್ರಿಂಟ್ಜ್ ಪ್ರಶಸ್ತಿ 2000ದಲ್ಲಿ ಶುರುವಾದದ್ದು. ಅದನ್ನು ಸಾಹಿತ್ಯಗುಣ ನೋಡಿ ಕೊಡುತ್ತಾರೆ, ಜನಪ್ರಿಯತೆ ನೋಡಿ ಅಲ್ಲ. ಪ್ರಶಸ್ತಿಯ ಮುದ್ರೆ ಇದೆ ಎಂದು ಎಲ್ಲರಿಗೂ ಹಂಚಿದರೆ ಅರ್ಧ ಜನ ನಡುವೆಯೇ ಬಿಡುತ್ತಾರೆ.

ಕಷ್ಟದ ವಿಷಯಗಳು

ವೈಎ ಕಾದಂಬರಿಗಳಲ್ಲಿ ಆತ್ಮಹತ್ಯೆ, ತನ್ನನ್ನು ತಾನೇ ಗಾಯ ಮಾಡಿಕೊಳ್ಳುವುದು, ಲೈಂಗಿಕ ದೌರ್ಜನ್ಯ, ಮಾದಕ ವಸ್ತು, ಮನೆಯೊಳಗಿನ ಹೊಡೆತ ಎಲ್ಲವೂ ಬರುತ್ತವೆ. ಬರಲೇಬೇಕು, ಏಕೆಂದರೆ ಓದುವವರ ಬದುಕಿನಲ್ಲಿ ಅವು ಇವೆ. ಮುಚ್ಚಿಡುವುದೂ ಬೇಡ, ಹೆದರಿಸುವುದೂ ಬೇಡ. ಕೊಡುವಾಗ ಒಂದೇ ವಾಕ್ಯದಲ್ಲಿ, ಮಾಮೂಲಿ ದನಿಯಲ್ಲಿ ಹೇಳಿ: "ಇದರಲ್ಲಿ ಅಣ್ಣನ ಆತ್ಮಹತ್ಯೆ ಬರುತ್ತೆ. ಈಗ ಅಂಥದ್ದು ಓದೋ ಮನಸ್ಸಿದೆಯಾ, ಇಲ್ಲ ಬೇರೆ ನೋಡೋಣ್ವಾ?" ಒಂದೇ ಮಗು ಇಂಥ ಪುಸ್ತಕಗಳನ್ನೇ ಮತ್ತೆ ಮತ್ತೆ ಕೇಳಿದರೆ ಊಹಿಸಿ ಗಾಬರಿಯಾಗಬೇಡಿ, ಅದು ಬರೀ ಓದುವ ಆಸೆಯೂ ಇರಬಹುದು. ಆದರೆ ಮಾತಿನಲ್ಲಿ "ನನಗೂ ಹಾಗೇ ಅನ್ನಿಸುತ್ತೆ" ಎಂಬುದು ಬಂದರೆ ಅಲ್ಲಿಗೆ ಪುಸ್ತಕದ ಕೆಲಸ ನಿಲ್ಲಿಸಿ. ಮಗುವನ್ನು ಒಂಟಿಯಾಗಿ ಬಿಡಬೇಡಿ, ಕೂರಿಸಿ ಕೇಳಿಸಿಕೊಳ್ಳಿ, ನೆರವು ಕೊಡಬಲ್ಲ ಸಲಹೆಗಾರರನ್ನೋ ನಂಬಿಕೆಯ ಹಿರಿಯರನ್ನೋ ಆ ದಿನವೇ ಭೇಟಿ ಮಾಡಿಸಿ. ಸಹಾಯವಾಣಿಯ ಸಂಖ್ಯೆ ಕೌಂಟರಿನಲ್ಲಿ ಸದಾ ಬರೆದಿಟ್ಟಿರಬೇಕು.

ಇದಕ್ಕಿಂತ ಹೆಚ್ಚಾಗಿ ಆಗುವ, ಒಳ್ಳೆಯ ಮನಸ್ಸಿನಿಂದಲೇ ಆಗುವ ತಪ್ಪು ಒಂದಿದೆ. ಅಪ್ಪ ತೀರಿಕೊಂಡ ಹುಡುಗನಿಗೆ ಅಪ್ಪ ತೀರಿಕೊಂಡ ಕಥೆ, ದಪ್ಪಗಿರುವ ಹುಡುಗಿಗೆ ದಪ್ಪಗಿರುವ ನಾಯಕಿಯ ಕಥೆ ಹುಡುಕಿ ಕೊಡುವುದು. ರುಡೀನ್ ಸಿಮ್ಸ್ ಬಿಷಪ್ ಎಂಬ ವಿದ್ವಾಂಸೆ 1990ರಲ್ಲಿ ಪುಸ್ತಕಗಳನ್ನು ಕನ್ನಡಿ, ಕಿಟಕಿ, ಸರಿಸಬಹುದಾದ ಗಾಜಿನ ಬಾಗಿಲು ಎಂದು ಕರೆದರು. ಮಕ್ಕಳಿಗೆ ತಮ್ಮ ಮುಖ ಕಾಣುವ ಪುಸ್ತಕಗಳು ಖಂಡಿತ ಬೇಕು, ಅಂಥವು ಸಿಗದೆ ಬೆಳೆದವರ ನಷ್ಟ ದೊಡ್ಡದು. ಕಪಾಟಿನಲ್ಲಿ ಆ ಕನ್ನಡಿಗಳು ಇರಲಿ, ಪ್ರದರ್ಶನದಲ್ಲೂ ಇರಲಿ. ಆದರೆ ಕನ್ನಡಿಯನ್ನು ಯಾವಾಗ ನೋಡಿಕೊಳ್ಳಬೇಕು ಎಂಬುದು ಅವರದೇ ತೀರ್ಮಾನ. ಕೇಳದೆ ಮುಖದೆದುರು ಹಿಡಿದರೆ "ನೀನು ನನ್ನ ಕಣ್ಣಿಗೆ ಇಷ್ಟೇ" ಎಂದಂತಾಗುತ್ತದೆ. ಹುಡುಗರಿಗೆ ಯುದ್ಧ, ಹುಡುಗಿಯರಿಗೆ ಪ್ರೇಮ ಎಂಬ ಹಂಚಿಕೆಯೂ ಇದೇ ಜಾತಿಯದು.

ಅಪ್ಪ ಅಮ್ಮ ಜೊತೆಗೆ ಬಂದು "ಇವನಿಗೆ ಏನಾದ್ರೂ ಬುದ್ಧಿ ಬರೋ ಪುಸ್ತಕ ಕೊಡಿ" ಅಂದರೆ, ಅವರ ಮಾತನ್ನು ಗೌರವದಿಂದ ಕೇಳಿಕೊಂಡು, ಪ್ರಶ್ನೆಗಳನ್ನು ಮಾತ್ರ ಮಗುವಿಗೇ ಕೇಳಿ. ತಂದೆ ತಾಯಿ ಆರಿಸಿದ್ದು ಒಂದು, ಮಗು ಆರಿಸಿದ್ದು ಒಂದು, ಎರಡನ್ನೂ ಕೊಟ್ಟು ಕಳಿಸಿದರೆ ಹೆಚ್ಚಾಗಿ ಎಲ್ಲರಿಗೂ ಸಮಾಧಾನ. ಯಾರು ಏನು ಒಯ್ದರು ಎಂಬುದನ್ನು ಗೆಳೆಯರಿಗೆ, ಶಿಕ್ಷಕರಿಗೆ ಹೇಳಬೇಡಿ. ಕೌಂಟರಿನಲ್ಲಿ ಪುಸ್ತಕದ ಹೆಸರನ್ನು ಗಟ್ಟಿಯಾಗಿ ಓದಬೇಡಿ.

ಓದದ ಪುಸ್ತಕವನ್ನು ತಿಳಿದಿರುವುದು

ಎಲ್ಲವನ್ನೂ ಓದಿ ಮುಗಿಸಲು ಯಾರಿಂದಲೂ ಆಗದು. ಹೊಸ ಪುಸ್ತಕ ಬಂದಾಗ 20 ನಿಮಿಷ ಕೊಡಿ: ಬೆನ್ನುಡಿ, ಮೊದಲ 15 ಪುಟ, ಮಧ್ಯದಲ್ಲಿ ಎರಡು ಕಡೆ ಐದೈದು ಪುಟ, ಕೊನೆಯ ಅಧ್ಯಾಯ. ಕೊನೆ ಓದದೆ ಬಿಡಬೇಡಿ. ಯಾರು ಸಾಯುತ್ತಾರೆ, ಕಥೆ ಮುಗಿಯುತ್ತದೋ ಮುಂದಿನ ಭಾಗಕ್ಕೆ ನೇತಾಡುತ್ತದೋ ಎಂಬುದು ಅಲ್ಲೇ ಇರುತ್ತದೆ. ಆಮೇಲೆ ಒಂದು ಕಾರ್ಡಿನಲ್ಲಿ ಇಷ್ಟನ್ನು ಬರೆಯಿರಿ: ಪಾತ್ರದ ವಯಸ್ಸು, ಪುಟಗಳು, ಸರಣಿಯಲ್ಲಿ ಎಷ್ಟನೆಯದು, ದೊಡ್ಡ ಬಾಗಿಲು ಯಾವುದು, ಓಟ, ಭಾವ, ಎಚ್ಚರಿಕೆ ಹೇಳಬೇಕಾದದ್ದು, ಮೂವತ್ತು ಸೆಕೆಂಡಿನ ಪರಿಚಯದ ಮೊದಲ ವಾಕ್ಯ. "ನಾಯಿ ಬದುಕುತ್ತೆ" ಎಂಬಂಥದ್ದೂ ಬರೆದಿಡಿ, ಕೇಳುವವರು ಇರುತ್ತಾರೆ.

ಹೀಗೆ 50 ಪುಸ್ತಕ ಕೈಯಲ್ಲಿದ್ದರೆ ದಿನದ ಕೆಲಸ ನಡೆಯುತ್ತದೆ. ಆದರೆ ಎಂಟು ಹತ್ತು ಬಗೆಗಳಲ್ಲಿ ಹರಡಿರಬೇಕು: ನಗು, ಭಯ, ಪತ್ತೇದಾರಿ, ಪ್ರೇಮ, ಆಟ, ಫ್ಯಾಂಟಸಿ, ವೈಜ್ಞಾನಿಕ, ಚರಿತ್ರೆ, ಮನೆ–ಶಾಲೆಯ ನಿತ್ಯದ ಬದುಕು, ಗ್ರಾಫಿಕ್. ನಗುವಿನ ಪುಸ್ತಕಗಳು ಎಲ್ಲ ಲೈಬ್ರರಿಗಳಲ್ಲೂ ಕಡಿಮೆ ಬೀಳುತ್ತವೆ, ಕೇಳುವವರು ಮಾತ್ರ ಬಹಳ. ಅವನ್ನು ಹುಡುಕಿ ಸೇರಿಸಿ. ಪ್ರತಿ ಬಗೆಯಲ್ಲೂ ಮೊದಲ ಆಯ್ಕೆಯ ಪುಸ್ತಕ ಯಾರ ಮನೆಯಲ್ಲೋ ಇದ್ದೇ ಇರುತ್ತದೆ, ಆದ್ದರಿಂದ ಎರಡನೆಯದು, ಮೂರನೆಯದು ತಯಾರಿರಲಿ. ನೀವು 15ರಲ್ಲಿ ಓದಿ ಮೆಚ್ಚಿದ ಪುಸ್ತಕವನ್ನು ಪಟ್ಟಿಗೆ ಸೇರಿಸುವ ಮೊದಲು ಇವತ್ತು ಮತ್ತೆ ಮೊದಲ ಹತ್ತು ಪುಟ ಓದಿ ನೋಡಿ.

ಭಾರತದ ಲೈಬ್ರೇರಿಯನ್ ಎಸ್. ಆರ್. ರಂಗನಾಥನ್ 1931ರಲ್ಲಿ ಹೇಳಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಒಂದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬುದು. ಕಪಾಟಿನಲ್ಲಿ ಬೆನ್ನು ತೋರಿಸಿಕೊಂಡು ನಿಂತ ಪುಸ್ತಕಕ್ಕೆ ಆ ಓದುಗ ಸಿಗುವುದು ಕಷ್ಟ. ಕೇಳಲು ನಾಚುವವರ ಸಲುವಾಗಿ 12–15 ಪುಸ್ತಕಗಳನ್ನು ಮುಖಪುಟ ಕಾಣುವಂತೆ ನಿಲ್ಲಿಸಿ, ಒಂದು ಹೋದರೆ ಅಂದೇ ಇನ್ನೊಂದು ತುಂಬಿ, ಎರಡು ವಾರಕ್ಕೊಮ್ಮೆ ಪೂರ್ತಿ ಬದಲಿಸಿ. ಓದಿದ ಮಕ್ಕಳೇ ಬರೆದ ಎರಡು ಸಾಲಿನ ಚೀಟಿ ನಿಮ್ಮ ಯಾವ ಬೋರ್ಡಿಗಿಂತಲೂ ಹೆಚ್ಚು ಪುಸ್ತಕ ಹೊರಡಿಸುತ್ತದೆ. ಕಾಗುಣಿತ ತಪ್ಪಿದ್ದರೂ ತಿದ್ದಬೇಡಿ, ಹೆಸರು ಬೇಡವೆಂದರೆ ಹಾಕಬೇಡಿ.

ವಾಪಸು ಬಂದಾಗ

"ಇಷ್ಟ ಆಯ್ತಾ?" ಎಂದು ಕೇಳಿದರೆ "ಹೂಂ" ಎಂಬ ಉತ್ತರ ಬರುತ್ತದೆ, ಓದಿರಲಿ ಬಿಟ್ಟಿರಲಿ. "ಎಲ್ಲಿವರೆಗೆ ಹೋದೆ?" ಎಂದು ಕೇಳಿ. ಇದರಲ್ಲಿ ಬಿಟ್ಟಿರಬಹುದು ಎಂಬುದು ಮೊದಲೇ ಒಪ್ಪಿತವಾಗಿದೆ. ಹತ್ತನೇ ಪುಟಕ್ಕೆ ಬಿಟ್ಟಿದ್ದರೆ ಭಾಷೆಯೋ ಅಕ್ಷರದ ಗಾತ್ರವೋ ಅಡ್ಡ ಬಂದಿದೆ. ಅರವತ್ತು ಎಂಬತ್ತರ ಸುಮಾರಿಗೆ ಬಿಟ್ಟಿದ್ದರೆ ಓಟ ಸಾಲದೇ ಹೋಗಿದೆ. ಕೊನೆಯ ಇಪ್ಪತ್ತು ಪುಟ ಉಳಿಸಿ ತಂದಿದ್ದರೆ ಯಾವುದೋ ಪಾತ್ರಕ್ಕೆ ಆಗಬಾರದ್ದು ಆಗುತ್ತದೆ ಎಂಬ ಭಯ ಇರಬಹುದು, ಇಲ್ಲವೇ ಪರೀಕ್ಷೆ ಬಂದು ಸಮಯ ಸಿಕ್ಕಿಲ್ಲ. ಅವಧಿ ವಿಸ್ತರಿಸಿ ಕೊಡಿ.

ಎಷ್ಟು ಓದಿ ಬಿಡಬಹುದು ಎಂದು ಮಕ್ಕಳೇ ಕೇಳುತ್ತಾರೆ. ನ್ಯಾನ್ಸಿ ಪರ್ಲ್ ಐವತ್ತು ವರ್ಷದವರೆಗಿನವರಿಗೆ 50 ಪುಟದ ಅವಕಾಶ ಕೊಡುತ್ತಾರೆ. ಓದಿನ ರುಚಿ ಈಗಷ್ಟೇ ಹತ್ತುತ್ತಿರುವವರಿಗೆ 30 ಸಾಕು. ಫ್ರೆಂಚ್ ಲೇಖಕ ಡೇನಿಯಲ್ ಪೆನಾಕ್ 1992ರಲ್ಲಿ ಪಟ್ಟಿ ಮಾಡಿದ ಓದುಗನ ಹತ್ತು ಹಕ್ಕುಗಳಲ್ಲಿ ಪುಟ ಹಾರಿಸುವ ಹಕ್ಕು, ಪೂರ್ತಿ ಓದದಿರುವ ಹಕ್ಕು ಎರಡೂ ಇವೆ. ಹತ್ತನೆಯದು, ಓದಿದ್ದರ ಬಗ್ಗೆ ಏನೂ ಹೇಳದಿರುವ ಹಕ್ಕು. ಪುಸ್ತಕವನ್ನು ಸುಮ್ಮನೆ ಕೌಂಟರಿನ ಮೇಲಿಟ್ಟು ಕಣ್ಣು ತಪ್ಪಿಸಿ ನಿಂತವಳಿಗೆ ಪ್ರಶ್ನೆ ಬೇಡ. ವಾಪಸು ದಾಖಲಿಸಿಕೊಂಡು, ಅದೇ ಎಳೆಯ ಇನ್ನೊಂದು ಪುಸ್ತಕವನ್ನು ಪಕ್ಕದ ಮೇಜಿನ ಮೇಲೆ ಮುಖಪುಟ ಕಾಣುವಂತೆ ಇಟ್ಟು, ನಿಮ್ಮ ಕೆಲಸಕ್ಕೆ ತಿರುಗಿ.